ಕತ್ತರಿಸಿದ ಗೋಡೆ

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ರೋಣ ಠಾಣೆಗೆ ದೂರು ಬಂದಾಗ ಪಿಎಸ್‌ಐ ಶಂಭುಲಿಂಗ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಕೈ ಮುಗಿಯುತ್ತಿದ್ದರು. ದೂರು ತಂದವರು ಸರ್ಕಾರಿ ಕಾಲೇಜಿನ ಪ್ರಾಚಾರ್ಯರು. ಅವರ ಹಿಂದೆ, ಅತ್ತು ಕಣ್ಣು ಕೆಂಪಾಗಿಸಿಕೊಂಡ ವಿದ್ಯಾಶ್ರೀ, ಬಿ.ಎ. ಕೊನೆಯ ವರ್ಷದ ಹುಡುಗಿ.

ಕಾಲೇಜಿನಲ್ಲಿ ಅಂದು ವಿದ್ಯಾರ್ಥಿ ಸಮ್ಮೇಳನ. ಸುತ್ತಲಿನ ತಾಲ್ಲೂಕುಗಳ ಹುಡುಗರು ತಾವು ಮಾಡಿದ ಸಂಶೋಧನೆ, ಬರೆದ ಕವಿತೆ, ತೆಗೆದ ಚಿತ್ರಗಳನ್ನು ತಂದು ಮಂಡಿಸುವ ದಿನ. ಮೆಣಸಗಿ ಹಳ್ಳಿಯನ್ನು ಮಲಪ್ರಭಾ ಹೊಳೆ ಯಾವಾಗ ಎಷ್ಟು ಮುಳುಗಿಸಿತು ಎಂಬುದು ವಿದ್ಯಾಶ್ರೀಯ ವಿಷಯ. ಅವಳ ಫಲಕದಿಂದ ಯಾರೋ ಒಂದು ಚಿತ್ರವನ್ನು ಕತ್ತರಿಸಿ ಒಯ್ದಿದ್ದರು.

"ಅಲ್ತಮಶ ಅನ್ನೋ ಹುಡುಗನ ಮ್ಯಾಲೆ ಸಂಶಯ ಐತ್ರಿ," ಅಂದರು ಪ್ರಾಚಾರ್ಯರು. "ಇಬ್ಬರಿಗೂ ಪೈಪೋಟಿ. ಇಲ್ಲಿಂದ ಧಾರವಾಡದ ದೊಡ್ಡ ಸಮ್ಮೇಳನಕ್ಕ ಹೋಗಾವ್ರು ಒಬ್ರ. ಊಟದ ಹೊತ್ತಿಗೆ ಕಳ್ಳ ಸಿಗಲಿಲ್ಲಂದ್ರ ಪಟ್ಟಿಯಾಗಿಂದ ಅವನ ಹೆಸರು ತಗದ ಬಿಡ್ತೀನ್ರಿ."

ಸರ್ಕಾರಿ ಆಸ್ತಿಗೆ ಹಾನಿ, ಕಳವು ಎಂದು ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ಶಂಭುಲಿಂಗ 'ಅಪರಿಚಿತ' ಎಂದೇ ಬರೆಸಿದರು. ಠಾಣೆಯ ಮಸಿ ಒಮ್ಮೆ ಹತ್ತಿದ ಹೆಸರು ಹೊಳೆಯಲ್ಲಿ ತೊಳೆದರೂ ಬಿಳುಪಾಗದು ಎಂದು ಅವರು ಬಲ್ಲರು.

ಅವರು ಕಾಲೇಜಿಗೆ ಬಂದಾಗ, ಗಜೇಂದ್ರಗಡದ ಕೈಮಗ್ಗದ ಬಗ್ಗೆ ಮಾಡಿದ ತನ್ನ ಫಲಕದ ಮುಂದೆ ಅಲ್ತಮಶ ಒಬ್ಬನೇ ನಿಂತಿದ್ದ. ಗೆಳೆಯರೆಲ್ಲ ಆಗಲೇ ದೂರ ಸರಿದಿದ್ದರು.

"ಬ್ಲೇಡ್ ಐತೇನಪಾ ನಿನ್ನ ಹಂತ್ಯಾಕ?" ಕಾನ್‌ಸ್ಟೇಬಲ್ ಮುನೀರಾ ಕೇಳಿದಳು.

"ಐತ್ರಿ. ಇಲ್ಲಿ ಎಲ್ಲಾರ ಹಂತ್ಯಾಕೂ ಐತ್ರಿ."

"ಬೆಳಿಗ್ಗಿ ಎಲ್ಲಿದ್ದಿ?"

"ಇಲ್ಲೇ ಇದ್ನಿರಿ. ಅಮ್ಮೀಗೆ ಹೇಳಿ ಬಂದೀನ್ರಿ, ಇವತ್ತ ಮೈಕಿನಾಗ ಮಾತಾಡ್ತೀನಂತ..."

ಶಂಭುಲಿಂಗ ವಿದ್ಯಾಶ್ರೀಯ ಫಲಕದ ಮುಂದೆ ಬಹಳ ಹೊತ್ತು ನಿಂತರು. ಕತ್ತರಿಸಿದ್ದು ಬ್ಲೇಡಿನ ನೇರ ಗೆರೆಯಾಗಿರಲಿಲ್ಲ; ಚಾಕು ನಡುಗುತ್ತ ಹೋಗಿತ್ತು. ಚಿತ್ರದ ಕೆಳಗಿನ ಬರಹದ ಪಟ್ಟಿಯನ್ನು ಮಾತ್ರ ಬೇರೆ ಮಾಡಿ, ಮುದ್ದೆಗಟ್ಟಿ ಮೇಜಿನಡಿ ಎಸೆದಿದ್ದರು. ಬಿಡಿಸಿ ಓದಿದರು: 'ಹಿಂದಿನ ಪ್ರವಾಹಗಳ ಗುರುತು.'

"ಏನಿತ್ತವ್ವಾ ಆ ಚಿತ್ರದಾಗ?"

"ಒಂದು ಹಾಳು ಮನಿ ಗೋಡಿರಿ," ಅಂದಳು ವಿದ್ಯಾಶ್ರೀ. "ಮ್ಯಾಲೆ ದೊಡ್ಡ ಹೊಳಿ ಬಂದಾಗಿನ ಕೆಸರು. ಅದರ ಕೆಳಗ ಕೆಮ್ಮಣ್ಣಿನ ಗೆರಿ, ಹಳೇ ಹೊಳೀವು. ಆ ಗೋಡಿ ಹ್ವಾದ ಮಳಿಗಾಲದಾಗ ಬಿತ್ತು. ಚಿತ್ರಾ ತಗದ ಫೋನೂ ಕಳೀತ್ರಿ."

"ಹಳೇ ಹೊಳೀವು ಅಂತ ಯಾರ ಹೇಳಿದ್ರು?"

"ಯಾರೂ ಇರಲಿಲ್ರಿ ಅಲ್ಲಿ. ಆ ಊರಾಗ ಹೊಳಿ ನೀರು ಎಷ್ಟ ಏರಿತಂತ ಎಲ್ಲಾರೂ ಗೋಡಿಗೆ ಹಂಗ ಗುರ್ತ ಹಾಕ್ತಾರ್ರಿ."

ಕತ್ತರಿಸಿದ ಅಂಚಿಗೆ ಬಿಳಿ ಪುಡಿ ಹತ್ತಿತ್ತು.

"ಸೀಮಿಸುಣ್ಣ ಏನ್ರಿ ಸರ್?" ಅಂದಳು ಮುನೀರಾ.

ಶಂಭುಲಿಂಗ ಬೆರಳಿಗೆ ಹಚ್ಚಿ ಉಜ್ಜಿದರು. "ಜ್ವಾಳದ ಹಿಟ್ಟು."

ಸಭಾಂಗಣದ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಚಪ್ಪರದಡಿ ನಾಲ್ಕಾರು ಹೆಂಗಸರು ಒಲೆ ಹೂಡಿದ್ದರು.

"ಇನ್ನಾ ಪಲ್ಯಾ ಆಗಿಲ್ರಿ ಸಾಹೇಬ್ರ! ವಾಸನಿಗೇ ಬಂದ್ರೇನ?" ಒಬ್ಬಾಕೆ ನಗಿಸಿದಳು.

"ತಿನ್ನಾಕ ಬಂದಿಲ್ಲವ್ವಾ," ಅಂದಳು ಮುನೀರಾ. "ಒಂದ್ ಪಟ ಕಳುವಾಗೇತಿ. ಪಾಪ, ಒಬ್ಬ ಹುಡುಗನ ಮ್ಯಾಲೆ ಬಂದೈತಿ. ಅವನ ಹೆಸರ ಅಳಸ್ತಾರಂತ."

ಒಂದು ಬಡಿತ ನಿಂತಿತು. ಮೆಣಸಗಿಯ ಗಾಳೆವ್ವ ಕೈಯ ಹಿಟ್ಟು ಕೊಡವಿ ಎದ್ದಳು.

"ಮಂದಿ ಮಗನ ಹೆಸರ ಅಳಸಬ್ಯಾಡ್ರಿ ಎಪ್ಪಾ. ನಾನ ಕತ್ತರಸೇನಿ."

ರೊಟ್ಟಿ ಬುಟ್ಟಿಯ ಹಿಂದೆ, ಒಗೆದ ಅರಿವೆಯ ಮೇಲೆ, ಚಿತ್ರವನ್ನು ಅಂಗಾತ ಮಲಗಿಸಿದ್ದಳು.

"ಯಾಕವ್ವಾ?"

"ನಮ್ಮ ಮನಿ ಗೋಡಿರಿ ಅದು. ಆ ಗೆರಿ ಹೊಳೀವಲ್ಲ, ನನ್ನ ದ್ಯಾಮೇಶಂದು. ವರ್ಷಾ ಪಂಚಮಿಗೆ, ಜೋಕಾಲಿ ಹತ್ತೂಕಿಂತ ಮದ್ಲ ಗೋಡಿಗೆ ನಿಂದರಿಸಿ, ಎಷ್ಟ ಎತ್ತರ ಆಗ್ಯಾನಂತ ಕೆಮ್ಮಣ್ಣಿಲೆ ಗೆರಿ ಎಳೀತಿದ್ನಿ. ಕಡೀ ಗೆರಿ ಎಳದ ವಾರದಾಗ ಹೊಳಿ ಬಂತು. ಅವನ್ನ ಒಯ್ತು." ಆಕೆ ಪೊಲೀಸರ ಹಿಂದೆಯೇ ಬಂದಿದ್ದ ವಿದ್ಯಾಶ್ರೀಯತ್ತ ತಿರುಗಿದಳು. "ಬೆಳಿಗ್ಗಿ ನೀರ ಕೊಡಾಕ ಬಂದಾಗ ಇದು ಹೊಳೀ ಗುರ್ತಂತ ನೀ ಮಂದಿಗೆ ಹೇಳಾಕತ್ತಿದ್ದಿ. ಮಗನ್ನ ಕೊಟ್ಟೀನಿ ತಂಗಿ ಆ ಹೊಳಿಗೆ. ಅವನ ಗೆರೀನೂ ಅದರದ ಅಂದ್ರ ನಾ ಹ್ಯಾಂಗ ಸುಮ್ಮನಿರ್ಲಿ?"

ವಿದ್ಯಾಶ್ರೀ ಒಲೆಯ ಬೂದಿಯ ಪಕ್ಕದಲ್ಲೇ ಕೂತಳು. "ನಾ ಕೇಳಬೇಕಾಗಿತ್ತು ಯವ್ವಾ."

"ಯಾರ್ನ ಕೇಳ್ತಿದ್ದಿ? ಗೋಡಿ ಅಷ್ಟ ಇತ್ತಲ್ಲ."

ಸುದ್ದಿ ಕೇಳಿ ಬಂದ ಪ್ರಾಚಾರ್ಯರು ದೂರು ಹಿಂದಕ್ಕೆ ಪಡೆಯುತ್ತೇನೆಂದರು. ಎಫ್‌ಐಆರ್ ಆದ ಮೇಲೆ ಅದು ನ್ಯಾಯಾಲಯದ ಮಾತು ಎಂದು ಶಂಭುಲಿಂಗ ತಲೆ ತಗ್ಗಿಸಿ ಹೇಳಿದರು. ಗಾಳೆವ್ವನ ಬಂಧನ ದಾಖಲಾಯಿತು, ಸಂಜೆಯೊಳಗೆ ಠಾಣೆಯಲ್ಲೇ ಜಾಮೀನು ಕೊಡುವುದೆಂದಾಯಿತು. ರೊಟ್ಟಿ ಬಡಿಯುವ ಇಬ್ಬರನ್ನು ಪಂಚರಾಗಿ ಕೂರಿಸಿಕೊಂಡು ಮುನೀರಾ ಪಂಚನಾಮೆ ಬರೆಯತೊಡಗಿದಳು.

"ಗೆರಿ ಏನಂತ ಬರೀಲ್ರಿ ಸರ್?"

"ದ್ಯಾಮೇಶನ ಎತ್ತರ ಅಂತ ಬರಿ."

ಒಳಗಿನಿಂದ ಮೈಕು ಅಲ್ತಮಶನ ಹೆಸರು ಕೂಗಿತು. ಗಾಳೆವ್ವ ಕಿವಿಗೊಟ್ಟಳು. "ಆ ಹುಡುಗಂದ ಏನ್ರಿ?" ಮುನೀರಾ ಹೌದೆಂದಳು. "ಚಲೋ ಆತು."

ವಶಪಡಿಸಿಕೊಂಡ ಚಿತ್ರ ಲಕೋಟೆಗಿಂತ ದೊಡ್ಡದಿತ್ತು. ಮುನೀರಾ ಅದನ್ನು ನಡುವಿಗೆ ಮಡಚಹೋದಾಗ, ಅಲ್ಲಿಯತನಕ ಹನಿ ಕಣ್ಣೀರು ಹಾಕದಿದ್ದ ಗಾಳೆವ್ವ ಚೀರಿ ಅವಳ ಕೈ ಹಿಡಿದುಕೊಂಡಳು.

"ಮಡಚಬ್ಯಾಡವ್ವಾ. ನಿನ್ನ ಕಾಲಿಗೆ ಬೀಳ್ತೀನಿ, ಮಡಚಬ್ಯಾಡ."

ಶಂಭುಲಿಂಗ ಮನದಲ್ಲೇ ಶಿವನನ್ನು ನೆನೆದರು. ಟೋಪಿ ತೆಗೆದು ಕಂಕುಳಲ್ಲಿಟ್ಟು, ಚಿತ್ರವನ್ನು ಎರಡೂ ಅಂಗೈಗಳ ಮೇಲೆ ಹಿಡಿದು, ಅಂಗಳ ದಾಟಿ ಜೀಪಿನ ಕಡೆ ನಡೆದರು. ಗಾಳೆವ್ವ ಹಿಂದೆ ಬಂದಳು. ಅವರು ಎಲ್ಲಿ ಎಡವುವರೋ ಎಂದು ಅವರ ಕಾಲನ್ನೇ ನೋಡುತ್ತಿದ್ದಳು.