ಎಡಗಡೆಯಿಂದ ಬಂದ ಸದ್ದು

ಛಟೀರ್!

ಸವಿತಾ ಕೊಟ್ಟ ಏಟಿಗೆ ಹರ್ಷವರ್ಧನ್‌ನ ಕೆನ್ನೆ ಕೆಂಪಾಯಿತು.

"ಮೈ ಮುಟ್ಟಿ ಎಳಿತೀರಿ? ನಾಚಿಕಿ ಆಗಂಗಿಲ್ಲ ನಿಮಗ?"

ಅವನು ಅವಳ ಹಿಂದೆ ಬೆರಳು ತೋರಿಸಿದ. ಅವಳು ನಿಂತಿದ್ದ ಜಾಗದಲ್ಲೇ ಫೋರ್ಕ್‌ಲಿಫ್ಟ್ ಮರದ ಪೆಟ್ಟಿಗೆಯೊಂದನ್ನು ಪುಡಿ ಮಾಡಿ ನಿಂತಿತ್ತು!

"ಅಷ್ಟು ಹಾರನ್ ಹೊಡೆದ್ರೂ ಅದರ ಕಡೆಗೇ ಹೋಗ್ತಿದ್ರಲ್ಲ ಮೇಡಂ!"

ಹಾರನ್ ಕೇಳಿಸಿತ್ತು. ಆದರೆ ಯಾವ ಕಡೆಯಿಂದ...?

ಅಣ್ಣ ಮುರಿಗೆಪ್ಪ ಗೊತ್ತು ಮಾಡಿದ ಗಂಡನ್ನು ಒಲ್ಲೆ ಎಂದ ದಿನ, ಅವನ ಹೊಡೆತಕ್ಕೆ ಅವಳ ಎಡಗಿವಿಯ ತಮಟೆ ಹರಿದಿತ್ತು. ರಕ್ತ ಒರೆಸಿಕೊಂಡು ಊರು ಬಿಟ್ಟವಳು ಪೀಣ್ಯದ ಈ ಕಾರ್ಖಾನೆ ಸೇರಿದ್ದಳು.

ಹರ್ಷ ಅಲ್ಲಿಗೆ ಹೊಸ ಹೆಡ್‌ಫೋನ್ ಪರೀಕ್ಷಿಸಲು ಬಂದಿದ್ದ ಎಂಜಿನಿಯರ್.

"ಇದು ಮೂಳೆ ಮೂಲಕ ಸದ್ದು ಕಳಿಸತ್ತೆ. ಡಾಕ್ಟರ್ ನೋಡಿದ್ರಲ್ಲ, ನಿಮ್ಮ ಒಳಗಿವಿ ಚೆನ್ನಾಗಿದ್ಯಂತೆ. ಅಭ್ಯಾಸ ಮಾಡಿದ್ರೆ ಸದ್ದು ಯಾವ ಕಡೆಯದು ಅಂತ ಗೊತ್ತಾಗತ್ತೆ."

ಮೊದಲ ದಿನ ಅದನ್ನು ಅವಳಿಗೆ ಹಾಕಿ, ಕಣ್ಣು ಮುಚ್ಚಿಸಿ ಚಪ್ಪಾಳೆ ತಟ್ಟಿದ. ಹತ್ತರಲ್ಲಿ ಮೂರು ಸರಿ. ತಿಂಗಳಲ್ಲಿ ಎಂಟು! ಕಣ್ಣು ತೆರೆದಾಗ ಅವನ ನಗು ಕಂಡರೆ ಸವಿತಾಳ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಆದರೆ ಒಂದು ಮಧ್ಯಾಹ್ನ ಅವನ ಲ್ಯಾಪ್‌ಟಾಪ್‌ನಲ್ಲಿ ತನ್ನ ಅಂಕಗಳ ಮುಂದೆ ಕಂಡದ್ದು... 'ಏಳನೇ ವ್ಯಕ್ತಿ: ಒಳ್ಳೆಯ ಪ್ರಗತಿ.'

ಇಷ್ಟೇನಾ ನಾನು?

ಶಿಫ್ಟ್ ಮುಗಿಸಿ ಗೇಟಿನ ಬಳಿ ಹರ್ಷನನ್ನು ತಡೆದು ನಿಂತಳು. "ನಿಮಗ ನಾ ಬರೇ ಏಳನೇ ವ್ಯಕ್ತಿ ಅಲ್ಲೇನ್ರಿ? ನಿಮ್ಮ ಸಾಮಾನು ನೀವ ಇಟ್ಕೋರಿ," ಎಂದು ತಲೆಯ ಮೇಲಿದ್ದ ಹೆಡ್‌ಫೋನ್‌ಗೆ ಕೈ ಹಾಕಿದಳು.

ಅಷ್ಟರಲ್ಲಿ ಯಾರೋ ಅವಳ ಜಡೆ ಹಿಡಿದು ಎಳೆದರು. ಮುರಿಗೆಪ್ಪ!

"ನಡಿ ಊರಿಗೆ! ಮನಿ ಮರ್ಯಾದಿ ತೆಗದಿ!"

ಹರ್ಷ ಅಡ್ಡ ಬಂದ. ಮುರಿಗೆಪ್ಪನ ಕೈಯಲ್ಲಿದ್ದ ಕಬ್ಬಿಣದ ರಾಡು ಅವನ ಭುಜಕ್ಕೆ ಬಿತ್ತು. ಎಲುಬು ಮುರಿದ ಸದ್ದು! ಆದರೂ ಒಂಟಿ ಕೈಯಲ್ಲೇ ಮುರಿಗೆಪ್ಪನನ್ನು ನೆಲಕ್ಕೆ ದಬ್ಬಿ, ತಾನೂ ಕುಸಿದ.

ಸವಿತಾ ಅವನ ಮೇಲೆ ಬಾಗಿದಳು. ಆಗಲೇ... ರಾಡು ನೆಲಕ್ಕೆ ಉಜ್ಜುವ ಸದ್ದು.

ಎಡಗಡೆ. ಹಿಂದೆ!

ಗರಕ್ಕನೆ ತಿರುಗಿ, ಬೀಳುತ್ತಿದ್ದ ರಾಡನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಸೀಳಿ ರಕ್ತ ಸುರಿಯಿತು, ಬಿಡಲಿಲ್ಲ. ಅಣ್ಣನ ಮೊಣಕಾಲಿಗೆ ಒದ್ದಳು. ಕಾವಲುಗಾರರು ಓಡಿಬಂದು ಅವನನ್ನು ಕೆಡವಿಕೊಂಡರು.

ಆಸ್ಪತ್ರೆಯಲ್ಲಿ ಹರ್ಷ ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಎರಡೂ ಅಂಗೈಗೆ ಪಟ್ಟಿ.

"ಪರೀಕ್ಷೆಯಲ್ಲಿ ಯಾರ ಹೆಸರೂ ಬರೆಯೋ ಹಾಗಿಲ್ಲ ಸವಿತಾ, ಅದಕ್ಕೇ ನಂಬರು. ನನ್ನ ಮನಸಲ್ಲಿರೋದು ಒಂದೇ ಹೆಸರು... ನೀವಂದ್ರೆ ನಂಗಿಷ್ಟ."

ಅವಳ ಕಣ್ಣು ತುಂಬಿತು. "ನನಗೂ ರೀ... ಭಾಳ."

ಪಟ್ಟಿ ಕಟ್ಟಿದ ಕೈಯನ್ನು ಅವನ ಕೈ ಮೇಲಿಟ್ಟಳು.

"ನಾಳೆ ಸ್ಟೇಷನ್‌ನಾಗ ಅಣ್ಣನ ಮ್ಯಾಲ ಹೇಳಿಕಿ ಕೊಡೋದೈತಿ. ಅಂಜಿಕಿ ಆಗಾಕತ್ತೈತಿ."

"ಕೊಡ್ಲೇಬೇಕಾ?"

"ಕೊಡ್ತೀನಿ. ಆದ್ರ... ನೀವು ಬಾಜೂಕ ಇರ್ತೀರೇನ್ರಿ?"

"ನಾಳೆಗೆ ಮಾತ್ರಾನಾ?"

ಸವಿತಾ ಅಳುತ್ತಲೇ ನಕ್ಕಳು. "ಅಲ್ರೀ... ಕಡೀತನಕ."