ಎರಡನೇ ಆಟಗಾರ

ನಮ್ಮ ಹಳೇ ವಿಡಿಯೋ ಗೇಮ್ ಕೆಟ್ಟು ಮೂಲೆ ಸೇರಿತ್ತು. ಅದರ ಆಟಗಳನ್ನೇ ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರನ್ನು ಯಾರ ಕೈಕಾಲೂ ಹಿಡಿಯದೆ ನಾನೊಬ್ಬಳೇ ಜೋಡಿಸಿದೆ. ಜಂಬ ಅಂದರೆ ಅನ್ನಿ.

ಮಟಮಟ ಮಧ್ಯಾಹ್ನ ಆಟ ಶುರು ಮಾಡಿದೆ. ಪರದೆಯ ಮೇಲೆ ಎರಡನೇ ಆಟಗಾರ ನಿಂತಲ್ಲೇ ಎರಡು ಸಲ ಜಿಗಿದ. ತೀರಿಹೋದ ಅಣ್ಣ ಹಾಗೇ ಜಿಗಿಸುತ್ತಿದ್ದ; ಅವನ ಜಾಯ್‌ಸ್ಟಿಕ್ಕಿನ ಗುಂಡಿ ಅಂಟುತ್ತಿತ್ತು, ಅದಕ್ಕೇ ಮೊದಲು ಒತ್ತಿ ನೋಡುತ್ತಿದ್ದ. ಪಕ್ಕದ ಖಾಲಿ ಕುರ್ಚಿ ಮುಟ್ಟಿದೆ. ಈಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಆಡಿದ ಮೂರೂ ಆಟ ಸೋತೆ.

"ತಂಗೀನೂ ಒಂದ್ಸಲ ಗೆಲ್ಲಲಿ ಬಿಡೋ," ಅಂದಳು ಅಡುಗೆಮನೆಯಿಂದ ಅಮ್ಮ, ಹಿಂದೆಲ್ಲ ಅಣ್ಣನಿಗೆ ಬೈಯುತ್ತಿದ್ದ ಹಾಗೇ.

ಎಮ್ಯುಲೇಟರ್ ಕೆಟ್ಟಿರಬೇಕು ಅಂತ ಮಾತ್ರ ಹೇಳಬೇಡಿ. ನನ್ನ ಕೆಲಸದಲ್ಲಿ ಒಂದೂ ಕುಂದಿಲ್ಲ. ಎರಡನೇ ಜಾಯ್‌ಸ್ಟಿಕ್ ಮಾತ್ರ ಇನ್ನೂ ಕೊಂಡಿಲ್ಲ.