ಹನ್ನೊಂದನೇ ಅಧ್ಯಾಯದ ಹುಡುಗಿ

“ಯಾರ ಹೆಸರಿಗೆ ಬರೀಲಿ?” ಸಹಿಗೆಂದು ಪುಸ್ತಕ ಬಿಡಿಸಿ, ಅಲೊಂಜೊ ತಲೆಯೆತ್ತದೆ ಕೇಳಿದ.

“ರೋ ಅಂತ ಬರಿ. ಹನ್ನೊಂದನೇ ಅಧ್ಯಾಯದಲ್ಲಿ ಸಾಯಿಸಿದ್ದೀಯಲ್ಲ, ಅವಳಿಗೆ.”

ಪೆನ್ನು ಅಲ್ಲೇ ನಿಂತಿತು. ಅವನು ಮೆಲ್ಲನೆ ಕಣ್ಣೆತ್ತಿದ. ಅದೇ ಕಣ್ಣು, ಎಡಗಡೆಯದು ನಗುವಾಗ ಸ್ವಲ್ಪ ಹೆಚ್ಚೇ ಕಿರಿದಾಗುವ ಕಣ್ಣು. ಈಗ ಅದು ನಗುತ್ತಿರಲಿಲ್ಲ.

ಎದುರು ನಿಂತಿದ್ದ ರೊವೀನಾಳನ್ನು ರೋ ಎಂದು ಕರೆದವನು ಅವನೊಬ್ಬನೇ. ಮೆಂಫಿಸ್ ಊರಿನ, ಕೋಳಿರೆಕ್ಕೆ ಕರಿದು ಮಾರುವ ಅಂಗಡಿಯೊಂದರಲ್ಲಿ ಅವನು ಪಾತ್ರೆ ತೊಳೆಯುತ್ತಿದ್ದಾಗ, ಅವಳು ಬೀದಿಯಾಚೆಯ ಸಲೂನಿನಲ್ಲಿ ಜಡೆ ಹೆಣೆಯುವುದನ್ನು ಕಲಿಯುತ್ತಿದ್ದಳು. ಅವನು ಸಾಸ್ ಅಂಟಿದ ಕೈಯಲ್ಲೇ ತಾಳ ಹಾಕಿ ತಾನು ಕಟ್ಟಿದ ಹಾಡಿನ ಹೊಸ ಸಾಲು ಅವಳಿಗೆ ಒಪ್ಪಿಸುತ್ತಿದ್ದ. ಅವಳು ಮೂತಿ ತಿರುವಿದರೆ ಆ ಸಾಲು ಅಲ್ಲಿಗೇ ಮುಗಿಯಿತು. ಅವನ ಮೊದಲ ಹಾಡನ್ನು ಇಬ್ಬರೂ ಅವಳ ಚಿಕ್ಕಮ್ಮನ ಮನೆಯ ಬಟ್ಟೆ ಬೀರುವಿನೊಳಗೆ ಕೂತು, ಹೊರಗಿನ ಸದ್ದು ಕೇಳದಂತೆ ಕಂಬಳಿ ಹೊದ್ದು, ಬೆವರಿ, ಮುತ್ತಿಟ್ಟು ರೆಕಾರ್ಡ್ ಮಾಡಿದ್ದರು. ಪಲ್ಲವಿ ಅವಳ ದನಿಯಲ್ಲಿತ್ತು.

ಅಟ್ಲಾಂಟಾದಿಂದ ಹಾಡಿನ ಕಂಪನಿಯವರು ಅವನನ್ನು ಕರೆದರು. ಹೋದ ತಕ್ಷಣ ನಿನ್ನನ್ನೂ ಕರೆಸಿಕೊಳ್ಳುತ್ತೇನೆ ಎಂದ. ಹಾಡು ದೇಶವೆಲ್ಲ ಹಬ್ಬಿತು. ಪಲ್ಲವಿ ಮಾತ್ರ ಇನ್ಯಾರದೋ ದನಿಯಲ್ಲಿ. ಅವಳು ಫೋನಿಗಾಗಿ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟು ಸ್ವಂತ ಸಲೂನ್ ಇಟ್ಟಳು. ಅವನು ಆಲ್ಬಮ್ ಮೇಲೆ ಆಲ್ಬಮ್ ಮಾಡಿದ, ಕೊನೆಗೆ ಆತ್ಮಕಥೆಯನ್ನೂ ಬರೆದ. ಒಂದು ಮಧ್ಯಾಹ್ನ ಅವಳು ಗಿರಾಕಿಯೊಬ್ಬಳ ತಲೆ ತೊಳೆಯುತ್ತಿದ್ದಾಗ ಆಕೆ ಬೇಸಿನ್ನಿನಲ್ಲೇ ಅಳುತ್ತ, ಪಾಪ, ಆ ಪುಸ್ತಕದ ರೋ ಎಂಬ ಹುಡುಗಿ ಅಲೊಂಜೊ ಊರು ಬಿಡುವ ಹಿಂದಿನ ದಿನ ಕಾರಿನಡಿ ಸಿಕ್ಕು ಸತ್ತಳಂತೆ ಎಂದಳು. ರೊವೀನಾಳ ಕೈಯಿಂದ ನೀರಿನ ಪೈಪು ಜಾರಿತು.

ಈಗ ಅವನು ಊರಿಗೆ ಬಂದು, ಚರ್ಚಿನ ಸಭಾಂಗಣದಲ್ಲಿ ಅದೇ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಸಹಿಗೆ ನಿಂತವರ ಸಾಲನ್ನು ಅಲ್ಲಿಗೇ ನಿಲ್ಲಿಸಿ ಅವಳನ್ನು ಪಕ್ಕದ ಅಡುಗೆಕೋಣೆಗೆ ಕರೆದೊಯ್ದ.

“ಸ್ವಲ್ಪ ದಪ್ಪ ಆಗಿದ್ದೀಯ,” ಎಂದ.

“ಸತ್ತವರಿಗೆ ಡಯಟ್ ಇರಲ್ಲ ಕಣೋ.”

ಅವನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಕಣ್ಣನ್ನು ಒರೆಸಲು ಕೈ ಇನ್ನೂ ಹಾತೊರೆಯುತ್ತಿತ್ತು.

“ಯಾಕೋ ಹಾಗೆ ಬರೆದೆ?”

ಅವನು ಸಿಂಕಿನ ಅಂಚು ಹಿಡಿದ. “ನೀನು ಬದುಕಿದ್ರೆ ನಾನೇ ಬಿಟ್ಟೋದೆ ಅಂತ ಬರೀಬೇಕಿತ್ತು. ಅದನ್ನ ಬರೆಯೋಕೆ ಕೂತಾಗಲೆಲ್ಲ ಕೈ ಬರಲಿಲ್ಲ. ರೋ, ನಿನ್ನಷ್ಟು ಯಾರನ್ನೂ ಪ್ರೀತಿಸಿಲ್ಲ.”

ಎಷ್ಟೋ ವರ್ಷ ಕೇಳಬೇಕೆಂದಿದ್ದ ಮಾತು, ಸಾಬೂನಿನ ವಾಸನೆಯ ನಡುವೆ ಬಂತು. ಅವಳು ಬೇರೇನನ್ನೂ ಕೇಳಲಿಲ್ಲ. ಓದಲು ವೇದಿಕೆ ಹತ್ತಿದಾಗ ನಾನು ಬದುಕಿದ್ದೇನೆಂದು ಜನಕ್ಕೆ ಒಂದು ಮಾತು ಹೇಳು, ಅಷ್ಟು ಸಾಕು ಎಂದಳು. ಅವನು ಅವಳ ಬೆರಳುಗಳನ್ನು ತುಟಿಗೊತ್ತಿಕೊಂಡು, “ಹೇಳ್ತೀನಿ” ಎಂದ.

ಅವಳು ಮೂರನೇ ಸಾಲಿನಲ್ಲಿ ಕೂತಳು. ಅವನು ವೇದಿಕೆಯೇರಿ ಅವಳತ್ತ ನೋಡಿದ, ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಹನ್ನೊಂದನೇ ಅಧ್ಯಾಯ ಓದು ಎಂದರು. ಸಭೆಗೆ ಸಭೆಯೇ ದನಿಗೂಡಿಸಿತು. ಅವನು ಪುಟ ತಿರುವಿದ.

ಅವನ ದನಿಯಲ್ಲಿ ಅವಳು ರಸ್ತೆ ದಾಟಿದಳು, ಬಿದ್ದಳು, ಅವನ ಮಡಿಲಲ್ಲಿ ಕಣ್ಣು ಮುಚ್ಚಿದಳು. ಪಕ್ಕದ ಹೆಂಗಸು ಮೂಗೊರೆಸಿಕೊಳ್ಳುತ್ತ ಇವಳಿಗೂ ಒಂದು ಟಿಶ್ಯೂ ಕೊಟ್ಟು, ಆ ಹುಡುಗಿ ನಿಮಗೆ ಗೊತ್ತಿತ್ತಾ ಎಂದು ಪಿಸುಗುಟ್ಟಿದಳು.

“ಹುಡುಗ ಗೊತ್ತು ಅಂದ್ಕೊಂಡಿದ್ದೆ,” ಎನ್ನುತ್ತ ರೊವೀನಾ ಎದ್ದುನಿಂತಳು.

ಅವಳು ಎದ್ದದ್ದನ್ನು ಕಂಡು ಅಲೊಂಜೊ ಪುಟದಿಂದ ತಲೆಯೆತ್ತಿದ. ಓದು ಅರ್ಧಕ್ಕೇ ನಿಂತಿತು. ಜನ ಅದನ್ನು ಅಗಲಿದವಳಿಗಾಗಿ ಬಂದ ದುಃಖವೆಂದುಕೊಂಡು, ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ತಟ್ಟತೊಡಗಿದರು. ಎದ್ದವರ ಭುಜಗಳ ಸಂದಿಯಲ್ಲಿ ಅವನು ಅವಳನ್ನು ಹುಡುಕಿದ. ಅವಳು ಆಗಲೇ ಬಾಗಿಲು ದಾಟಿ ಬಿಸಿಲಿಗಿಳಿದಿದ್ದಳು.